ಮಳೆ ನಕ್ಷತ್ರಗಳೂ ನಮ್ಮ ಮಕ್ಕಳ ಶಾಲೆಯೂ

(ಆದೋನಿ ಭಾಗದ ಕನ್ನಡ ಮಾಧ್ಯಮ ಶಾಲೆಯೊಂದರ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



 ಹೊಲದ ಕೆಲಸ ಬಿಟ್ಟು, ಕೆಲವರು ಒಂದು ದಿನದ ಕೂಲಿಯನ್ನೇ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಆ ಕೂಲಿಯ ಬೆಲೆ ನನಗೆ ಗೊತ್ತಿದೆ. ಆದ್ದರಿಂದ ಬರೀ ಉಪದೇಶ ಮಾಡಿ ಕಳಿಸುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನೇ ಎತ್ತಿಕೊಂಡು, ಅದಕ್ಕೂ ನಮ್ಮ ಶಾಲೆಗೂ ಇರುವ ಸಂಬಂಧವನ್ನು ಹೇಳುತ್ತೇನೆ. ಆ ವಿಷಯ ಮಳೆ ನಕ್ಷತ್ರ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಗೆ ಒಂದು ಕಿರು ಪರೀಕ್ಷೆ ಕೊಟ್ಟಿದ್ದೆ. ‘ಒಂದು ವರ್ಷವನ್ನು ಎಷ್ಟು ಭಾಗ ಮಾಡಿದ್ದಾರೆ? ಹೆಸರು ಬರೆಯಿರಿ’ ಎಂಬುದು ಪ್ರಶ್ನೆ. ಹನ್ನೆರಡು ತಿಂಗಳು ಎಂದೋ ಆರು ಋತು ಎಂದೋ ಉತ್ತರ ಬರಬೇಕಿತ್ತು. ಒಬ್ಬ ಹುಡುಗ ‘ಇಪ್ಪತ್ತೇಳು’ ಎಂದು ಬರೆದು, ಕೆಳಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮಿರಗ, ಆರಿದ್ರ ಎಂದು ಸಾಲಾಗಿ ಹೆಸರು ಬರೆದಿದ್ದ. ಸ್ವಾತಿಯವರೆಗೆ ಬಂದು, ‘ಉಳಿದವು ನಮ್ಮ ಅಜ್ಜಿಗೆ ಗೊತ್ತು’ ಎಂದು ಮುಗಿಸಿದ್ದ. ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ.

ವಾರದ ಮೇಲೆ ಆ ಅಜ್ಜಿ ಉತ್ತರ ಪತ್ರಿಕೆ ಹಿಡಿದುಕೊಂಡು ಶಾಲೆಗೆ ಬಂದರು. ‘ಏನು ತಪ್ಪು ಬರ್ದಾನಪ್ಪಾ ನನ್ನ ಮೊಮ್ಮಗ?’ ಎಂದು ಕೇಳಿದರು. ‘ತಿಂಗಳ ಹೆಸರು ಬರೀಬೇಕಿತ್ತು, ಅವ್ವಾ’ ಎಂದೆ. ‘ತಿಂಗಳು ನೋಡಿ ಯಾರಾದ್ರೂ ಬಿತ್ತಿಗಿ ಮಾಡ್ತಾರೇನು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಬಿ.ಇಡಿ. ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರವೇ, ಮಗುವಿಗೆ ಗೊತ್ತಿರುವುದರಿಂದ ಹೊರಟು ಗೊತ್ತಿಲ್ಲದ ಕಡೆಗೆ ಕರೆದುಕೊಂಡು ಹೋಗಬೇಕು ಎಂಬುದು. ಆ ಹುಡುಗನಿಗೆ ಗೊತ್ತಿದ್ದುದನ್ನೇ ನಾನು ಹೊಡೆದು ಹಾಕಿದ್ದೆ. ಅಂದಿನಿಂದ ಈ ಮಳೆ ನಕ್ಷತ್ರದ ಲೆಕ್ಕವನ್ನು ಪುಸ್ತಕ ಇಟ್ಟುಕೊಂಡು ಓದಿದೆ. ಓದಿದಷ್ಟೂ, ಆ ಅಜ್ಜಿ ಹೇಳಿದ್ದು ದೊಡ್ಡ ವಿಜ್ಞಾನದ ಒಂದು ತುದಿ ಎಂದು ತಿಳಿಯಿತು.

ಆ ಲೆಕ್ಕ ಏನೆಂದರೆ: ಭೂಮಿ ಸೂರ್ಯನ ಸುತ್ತ ತಿರುಗುತ್ತದೆ. ಇಲ್ಲಿ ನಿಂತು ನೋಡುವ ನಮಗೆ, ಸೂರ್ಯನೇ ನಕ್ಷತ್ರಗಳ ನಡುವೆ ಒಂದು ದಾರಿ ಹಿಡಿದು ನಿಧಾನವಾಗಿ ಸಾಗಿ, ವರ್ಷಕ್ಕೊಮ್ಮೆ ಹೊರಟ ಜಾಗಕ್ಕೇ ಬಂದಂತೆ ಕಾಣುತ್ತದೆ. ಈ ದಾರಿಯನ್ನು ಹಿರಿಯರು 27 ಸಮಭಾಗ ಮಾಡಿ, ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟರು. ಅದೇ ದಾರಿಯನ್ನು 12 ಭಾಗ ಮಾಡಿದರೆ ರಾಶಿಗಳು. ಒಂದು ರಾಶಿಗೆ ಎರಡೂಕಾಲು ನಕ್ಷತ್ರ. ಸುಮಾರು 365 ಕಾಲು ದಿನವನ್ನು 27ರಿಂದ ಭಾಗಿಸಿದರೆ ಹದಿಮೂರೂವರೆ ದಿನ ಬರುತ್ತದೆ. ಆದ್ದರಿಂದಲೇ ಒಂದು ಮಳೆ ಹದಿಮೂರು ಹದಿನಾಲ್ಕು ದಿನ ಇರುತ್ತದೆ. ‘ಮಿರಗ ಕೂಡಿತು’ ಎಂದರೆ ಸೂರ್ಯ ಮೃಗಶಿರ ನಕ್ಷತ್ರದ ಭಾಗಕ್ಕೆ ಕಾಲಿಟ್ಟ ಎಂದರ್ಥ. ನಮ್ಮ ತೆಲುಗು ನೆರೆಹೊರೆಯವರು ಇದನ್ನೇ ಕಾರ್ತೆ ಎನ್ನುತ್ತಾರೆ.

ಈಗಿನ ಲೆಕ್ಕದಲ್ಲಿ, ಒಂದು ದಿನ ಹಿಂದೆ ಮುಂದೆ ಆದರೂ, ಏಪ್ರಿಲ್ 14ಕ್ಕೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ ಕೂಡುತ್ತವೆ. ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರ. ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ. ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘ, 30ಕ್ಕೆ ಹುಬ್ಬ. ಸೆಪ್ಟೆಂಬರ್ 13ಕ್ಕೆ ಉತ್ತರ, 27ಕ್ಕೆ ಹಸ್ತ. ಅಕ್ಟೋಬರ್ 10ಕ್ಕೆ ಚಿತ್ತ, 24ಕ್ಕೆ ಸ್ವಾತಿ. ನಮ್ಮ ಕೆಂಪು ಮಸಾರಿಯಲ್ಲಿ ಶೇಂಗಾ ಯಾವಾಗ, ಎರೆ ಹೊಲದಲ್ಲಿ ಹತ್ತಿ ಯಾವಾಗ, ಹಿಂಗಾರಿ ಜೋಳ ಕಡಲೆ ಯಾವಾಗ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನೀವೇ ನನಗೆ ಹೇಳಬೇಕು.

ಇಲ್ಲಿ ಒಂದು ಗೊಂದಲ ಬಗೆಹರಿಯಬೇಕು. ಪಂಚಾಂಗದಲ್ಲಿ ‘ಇಂದು ರೋಹಿಣಿ ನಕ್ಷತ್ರ’ ಎಂದು ದಿನದಿನಕ್ಕೂ ಬದಲಾಗುವುದು ಚಂದ್ರನ ನಕ್ಷತ್ರ. ಚಂದ್ರ ಈ ಇಪ್ಪತ್ತೇಳನ್ನೂ ಸುಮಾರು 27 ದಿನಗಳಲ್ಲಿ ಸುತ್ತುತ್ತಾನೆ, ಆದ್ದರಿಂದ ಅವನಿಗೆ ದಿನಕ್ಕೊಂದು ನಕ್ಷತ್ರ. ಸೂರ್ಯನಿಗೆ ಅದೇ ಸುತ್ತಿಗೆ ವರ್ಷ ಬೇಕು. ಮಕ್ಕಳ ಹೆಸರಿಡಲು ನೋಡುವುದು ಚಂದ್ರನದು, ಬಿತ್ತಲು ನೋಡುವುದು ಸೂರ್ಯನದು.

ಹೀಗೆ ಒಂದೇ ಮನೆಯಲ್ಲಿ ಎರಡು ಕ್ಯಾಲೆಂಡರುಗಳು ನಡೆಯುತ್ತಿವೆ. ಹಬ್ಬಕ್ಕೆ ಚಂದ್ರಮಾನ. ಯುಗಾದಿ, ಉರುಕುಂದಿ ಈರಣ್ಣಸ್ವಾಮಿಯ ಶ್ರಾವಣದ ಜಾತ್ರೆ, ಮಂತ್ರಾಲಯದ ರಾಯರ ಆರಾಧನೆ, ದೇವರಗುಡ್ಡದ ದಸರೆಯ ಬನ್ನಿ ಉತ್ಸವ, ಇವೆಲ್ಲ ತಿಥಿಯ ಲೆಕ್ಕ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ ಮಾತ್ರ, ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಅದನ್ನು ಸರಿದೂಗಿಸಲು ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. ಹಾಗಾಗಿ ಯುಗಾದಿ ಒಂದು ವರ್ಷ ಮಾರ್ಚಿಯಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುತ್ತದೆ. ಹಬ್ಬ ಹಾಗೆ ಹಿಂದೆ ಮುಂದೆ ಸರಿದರೆ ತೊಂದರೆಯಿಲ್ಲ. ಬಿತ್ತನೆ ಹಾಗೆ ಸರಿದರೆ ಬೆಳೆ ಬರುವುದಿಲ್ಲ. ಆದ್ದರಿಂದ ರೈತ ಬಿತ್ತನೆಯನ್ನು ಸೂರ್ಯನಿಗೆ ಕಟ್ಟಿದ. ಮಕರ ಸಂಕ್ರಾಂತಿಯೂ ಸೂರ್ಯನ ಹಬ್ಬ. ಅದಕ್ಕೇ ಅದು ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ.

ಕನ್ನಡಿಗರೆಲ್ಲರೂ ಹಬ್ಬಕ್ಕೆ ಚಂದ್ರಮಾನ ಹಿಡಿದವರಲ್ಲ. ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕಾಸರಗೋಡಿನಲ್ಲೂ, ದಕ್ಷಿಣ ಕನ್ನಡದಲ್ಲೂ ಸೂರ್ಯ ಮೇಷ ರಾಶಿಗೆ ಬಂದಾಗ ಬಿಸು ಆಚರಿಸುತ್ತಾರೆ, ಅವರಿಗೆ ಅದೇ ವರ್ಷದ ಮೊದಲು. ಕೊಡಗಿನ ತಲಕಾವೇರಿಯ ತೀರ್ಥೋದ್ಭವ ತುಲಾ ಸಂಕ್ರಮಣದಂದು, ಅಕ್ಟೋಬರ್ 17ರ ಸುಮಾರಿಗೆ.

ಪಾಲಕರೇ, ಸೂರ್ಯ ಮೃಗಶಿರದಲ್ಲಿದ್ದಾನೆ ಎಂದು ಹಿರಿಯರಿಗೆ ಹೇಗೆ ತಿಳಿಯಿತು? ಸೂರ್ಯ ಇರುವ ಕಡೆಯ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲವಲ್ಲ. ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳುತ್ತೇನೆ. ಉತ್ತರ ಹುಡುಕಲು ಡಿಸೆಂಬರ್‌ವರೆಗೆ ಕಾಯಬೇಕು. ಡಿಸೆಂಬರ್ ನಡುವೆ ರಾತ್ರಿ ಊಟವಾದ ಮೇಲೆ, ಎಂಟು ಒಂಬತ್ತು ಗಂಟೆಗೆ ಮಗುವನ್ನು ಕರೆದುಕೊಂಡು ಮಾಳಿಗೆ ಹತ್ತಿ ಪೂರ್ವದ ಕಡೆ ನೋಡಿ. ಮೇಲೆ ಸಣ್ಣ ಗೊಂಚಲಿನಂತೆ ಕೃತ್ತಿಕೆ. ಅದರ ಕೆಳಗೆ ಕೆಂಪು ಬಣ್ಣದ ರೋಹಿಣಿ. ಇನ್ನೂ ಕೆಳಗೆ ಮಸುಕಾದ ಮೂರು ಚುಕ್ಕಿಗಳ ಮೃಗಶಿರ, ಹತ್ತಿರದಲ್ಲೇ ಕೆಂಪಗೆ ಹೊಳೆಯುವ ಆರಿದ್ರ. ಮೇ 11ರಿಂದ ಜುಲೈ ಮೊದಲ ವಾರದವರೆಗೆ ನಡೆಯುವ ನಾಲ್ಕು ಮಳೆಗಳು ಅದೇ ಕ್ರಮದಲ್ಲಿ ಆಕಾಶದಲ್ಲಿ ನಿಂತಿವೆ! ಡಿಸೆಂಬರ್‌ನಲ್ಲಿ ನಡುರಾತ್ರಿ ನೆತ್ತಿಯ ಹತ್ತಿರ ಬರುವ ನಕ್ಷತ್ರದ ಕಡೆಗೆ ಆರು ತಿಂಗಳ ಮೇಲೆ ಸೂರ್ಯ ಬರುತ್ತಾನೆ. ಸೂರ್ಯ ಮುಳುಗಿದ ಕೂಡಲೇ ಪಶ್ಚಿಮದಲ್ಲಿ ಯಾವುದು ಕಾಣುತ್ತದೆ, ಮೂಡುವ ಮುಂಚೆ ಪೂರ್ವದಲ್ಲಿ ಯಾವುದು ಕಾಣುತ್ತದೆ ಎಂದು ನೋಡಿ ನೋಡಿ, ನಡುವೆ ಇರುವುದನ್ನು ಲೆಕ್ಕ ಹಾಕಿದರು. ಇದಕ್ಕೆ ದುಡ್ಡು ಬೇಡ, ದುರ್ಬೀನು ಬೇಡ. ಹೆಸರುಗಳು ಬೇಕು, ತೋರಿಸುವ ಹಿರಿಯರು ಬೇಕು.

ಆ ಹೆಸರುಗಳು ನಮ್ಮ ಮನೆಯಲ್ಲಿ ಕನ್ನಡದಲ್ಲಿವೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯಲ್ಲಿ ರೋಹಿಣಿಗೂ ಓಣಿಗೂ ಪ್ರಾಸವಿದೆ. ಬೇರೆ ಭಾಷೆಗೆ ಹೋದರೆ ಆ ಪ್ರಾಸ ಉಳಿಯುವುದಿಲ್ಲ, ಪ್ರಾಸ ಹೋದರೆ ಗಾದೆ ನೆನಪಿನಲ್ಲಿ ನಿಲ್ಲುವುದಿಲ್ಲ. ತೆಲುಗಿನವರಿಗೆ ಅವರದೇ ಗಾದೆಗಳಿವೆ. ಪೂರ್ವ ಫಲ್ಗುಣಿ ಅವರಲ್ಲಿ ಪುಬ್ಬ, ನಮ್ಮಲ್ಲಿ ಹುಬ್ಬ. ಅವರ ಪಾಲು ನಮಗೆ ಹಾಲು, ಅವರ ಪುಲಿ ನಮಗೆ ಹುಲಿ. ಎರಡೂ ಭಾಷೆ ಕಿವಿಗೆ ಬಿದ್ದ ನಮ್ಮ ಮಕ್ಕಳಿಗೆ ಇದನ್ನು ತೋರಿಸಿದರೆ ಕಣ್ಣರಳಿಸಿ ಕೇಳುತ್ತಾರೆ. ಇಲ್ಲಿ ಯಾವ ಭಾಷೆಯೂ ಇನ್ನೊಂದಕ್ಕೆ ಶತ್ರುವಲ್ಲ. ಆದರೆ ಮಗುವಿಗೆ ನಿಲ್ಲಲು ಮೊದಲು ತನ್ನದೊಂದು ಅಂಗಳ ಬೇಕು.

ಇನ್ನು ಈ ಲೆಕ್ಕದ ಕೊರತೆಯನ್ನೂ ಹೇಳಬೇಕು. ನಮ್ಮದು ಎಂಬ ಅಭಿಮಾನದಿಂದ ತಪ್ಪನ್ನು ಮುಚ್ಚಿಡುವುದು ಶಿಕ್ಷಕನ ಕೆಲಸವಲ್ಲ.

ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ ಬರುವುದು 14 ಅಥವಾ 15ಕ್ಕೆ. ನೂರಾ ಅರವತ್ತು ವರ್ಷಗಳಲ್ಲಿ ಎರಡು ದಿನ ಜರುಗಿತು. ಏಕೆ? ಭೂಮಿಯ ಅಕ್ಷ ತಿರುಗುವ ಬುಗುರಿಯ ತಲೆಯಂತೆ ಬಹಳ ನಿಧಾನವಾಗಿ ಓಲಾಡುತ್ತದೆ. ಒಂದು ಓಲಾಟಕ್ಕೆ ಸುಮಾರು 26,000 ವರ್ಷ. ಇದರಿಂದ, ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರುವ ವರ್ಷ, ಒಂದು ಬೇಸಿಗೆಯಿಂದ ಮತ್ತೊಂದು ಬೇಸಿಗೆಯವರೆಗಿನ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಇಪ್ಪತ್ತು ನಿಮಿಷ ಸಣ್ಣದು ಎನಿಸಬಹುದು. ಆದರೆ 71, 72 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಒಂದು ಮಳೆ ನಕ್ಷತ್ರದಷ್ಟು. ಮಳೆ ಬಿಸಿಲುಗಳು ನಡೆಯುವುದು ಋತುವಿನ ವರ್ಷದಂತೆ, ನಕ್ಷತ್ರದ ವರ್ಷದಂತಲ್ಲ.

ಸುಮಾರು 1,700 ವರ್ಷಗಳ ಹಿಂದೆ ಮಕರ ಸಂಕ್ರಾಂತಿಯೂ ಸೂರ್ಯ ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಈಗ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ, ನಾವು ಸಂಕ್ರಾಂತಿ ಮಾಡುವುದು ಇಪ್ಪತ್ತಮೂರು ಇಪ್ಪತ್ನಾಲ್ಕು ದಿನಗಳ ಮೇಲೆ. ನನ್ನ ಮಾತನ್ನು ನಂಬಬೇಡಿ, ಅಂಗಳದಲ್ಲಿ ಒಂದು ಕೋಲು ನೆಟ್ಟು ಮಧ್ಯಾಹ್ನದ ನೆರಳು ಅಳೆಯಿರಿ. ಡಿಸೆಂಬರ್ ಕೊನೆಗೆ ನೆರಳು ಅತಿ ಉದ್ದವಾಗಿ, ಆಮೇಲೆ ಮೊಟಕಾಗುತ್ತಾ ಹೋಗುತ್ತದೆ. ಆದೋನಿಯಲ್ಲಿ ಮೇ ಮೊದಲ ವಾರ ಒಮ್ಮೆ, ಆಗಸ್ಟ್ 10ರ ಸುಮಾರಿಗೆ ಇನ್ನೊಮ್ಮೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ಆಗಸ್ಟ್‌ನಲ್ಲಿ ನಮ್ಮೂರಿನ ನಿಜವಾದ ಮಧ್ಯಾಹ್ನ 12 ಗಂಟೆ 26 ನಿಮಿಷದ ಆಸುಪಾಸು. ಮೋಡ ಇಲ್ಲದಿದ್ದರೆ ಮಕ್ಕಳು ಇದನ್ನು ಶಾಲೆಯ ಅಂಗಳದಲ್ಲೇ ನೋಡಬಹುದು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರ ಈ ಬಗ್ಗೆ ಯೋಚಿಸಿತು. 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ರಚನೆಯಾಯಿತು. 1955ರಲ್ಲಿ ವರದಿ ಬಂದು, 1957ರ ಮಾರ್ಚ್ 22ರಿಂದ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದರಂತೆ ಚೈತ್ರ 1 ಎಂದರೆ ಮಾರ್ಚ್ 22, ಅಧಿಕ ವರ್ಷದಲ್ಲಿ ಮಾರ್ಚ್ 21. ಸರ್ಕಾರದ ಗೆಜೆಟ್ಟಿನ ಮೇಲೆ ಆ ತಾರೀಖು ಇರುತ್ತದೆ. ಜನರ ಬಾಯಲ್ಲಿ ಮಾತ್ರ ಇಂದಿಗೂ ಮಿರಗ, ಆರಿದ್ರಗಳೇ ಇವೆ.

ಇನ್ನೊಂದು ಮಾತು. ನಕ್ಷತ್ರ ಮಳೆ ತರುವುದಿಲ್ಲ. ಅದು ತಾರೀಖು ಮಾತ್ರ. ‘ಈ ಹೊತ್ತಿಗೆ ಮಳೆ ಬರುವ ರೂಢಿ’ ಎಂದು ಹೇಳುತ್ತದೆ, ‘ಬಂದೇ ಬರುತ್ತದೆ’ ಎಂದು ಭಾಷೆ ಕೊಡುವುದಿಲ್ಲ. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಮಿರಗದಲ್ಲಿ ಬಿತ್ತಿ, ಆರಿದ್ರದಲ್ಲಿ ಮುಗಿಲು ನೋಡಿ, ಪುಷ್ಯದಲ್ಲಿ ಮತ್ತೆ ಬೀಜಕ್ಕೆ ಸಾಲ ಮಾಡಿದವರು ಇಲ್ಲೇ ಕೂತಿದ್ದೀರಿ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಎಲ್ಲ ಹೊಲಕ್ಕೂ ಮುಟ್ಟುವುದಿಲ್ಲ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಒಂದು ಸಂಜೆ ಕೂತು ನನ್ನ ಹಳೆಯ ಹಾಜರಿ ಪುಸ್ತಕಗಳನ್ನು ಮಳೆ ನಕ್ಷತ್ರದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ಶಾಲೆ ತೆರೆಯುವುದು ಸಾಮಾನ್ಯವಾಗಿ ಜೂನ್ 12ರ ಸುಮಾರಿಗೆ, ಅಂದರೆ ಮಿರಗ ಕೂಡಿದ ನಾಲ್ಕನೆಯ ದಿನ. ಮಳೆಯಾದರೆ ಬಿತ್ತನೆ, ಮಕ್ಕಳು ಹೊಲದಲ್ಲಿ. ಹುಬ್ಬ ಉತ್ತರದಲ್ಲಿ ಕಳೆ. ಚಿತ್ತ ಸ್ವಾತಿಯಲ್ಲಿ ಹತ್ತಿ ಬಿಡಿಸುವುದು. ಮಳೆ ಕೈಕೊಟ್ಟರೆ ದೀಪಾವಳಿ ಆಗುತ್ತಲೇ ಗಂಟುಮೂಟೆ ಕಟ್ಟಿ ಗುಂಟೂರು ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. ಅದಕ್ಕೆ ‘ಸುಗ್ಗಿಗೆ ಹೋಗುವುದು’ ಎಂದು ಹೆಸರು. ಹೆಸರು ಸುಗ್ಗಿ, ಬದುಕು ವಲಸೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಊರುಗಳಲ್ಲಿ ಓಣಿ ಓಣಿಗೆ ಬೀಗ ಬೀಳುತ್ತದೆ. ಹಾಜರಿ ಪುಸ್ತಕದಲ್ಲಿ ಆ ಮನೆಗಳ ಮಕ್ಕಳ ಹೆಸರಿನ ಮುಂದೆ ಯುಗಾದಿಯವರೆಗೂ ಗೈರುಹಾಜರಿ. ಕೆಲವು ಹೆಸರುಗಳು ಮುಂದಿನ ಮಿರಗಕ್ಕೂ ಬರುವುದಿಲ್ಲ.

ಇದು ಎಲ್ಲ ಶಾಲೆಗೂ ನಷ್ಟವೇ. ಕನ್ನಡ ಶಾಲೆಗೆ ಎರಡು ಪಟ್ಟು ನಷ್ಟ. ಏಕೆಂದು ಕೇಳಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಉಳಿದವು. ಅಂದು ಹಸ್ತ ಮಳೆ ನಡೆದಿತ್ತು. ಬೆಳಗಾಗುವುದರೊಳಗೆ ರಾಜ್ಯ ಬದಲಾಯಿತು, ಹೊಲ ಬದಲಾಗಲಿಲ್ಲ, ಮನೆಮಾತು ಬದಲಾಗಲಿಲ್ಲ. ನಾವು ಭಾಷಾ ಅಲ್ಪಸಂಖ್ಯಾತರಾದೆವು. ಅಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇದು 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. 350ಬಿ ವಿಧಿಯಂತೆ ನಮ್ಮ ಅಹವಾಲು ಕೇಳಲು ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ 1957ರಲ್ಲಿ ಏರ್ಪಟ್ಟಿತು. ಅದಕ್ಕೂ ಮುಂಚೆ, 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಒಂದು ಸೂತ್ರ ಒಪ್ಪಿದ್ದರು. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಇದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಮಾತು ಬಂದಾಗಲೆಲ್ಲ ಈ 10 ಮತ್ತು 40ರ ಲೆಕ್ಕ ಬರುತ್ತದೆ.

ಹಕ್ಕು ಕಾಗದದ ಮೇಲಿದೆ. ಅದಕ್ಕೆ ಜೀವ ಬರುವುದು ಮಕ್ಕಳ ಎಣಿಕೆಯಿಂದ. ಒಂದು ಮನೆ ಸುಗ್ಗಿಗೆ ಹೋದರೆ ಎರಡು ಹೆಸರು ಕಡಿಮೆ. ‘ಕನ್ನಡದಲ್ಲಿ ವಿಜ್ಞಾನ ಬರುವುದಿಲ್ಲ’ ಎಂದು ಇನ್ನೊಂದು ಮನೆಯವರು ಮಗುವನ್ನು ಬೇರೆ ಮಾಧ್ಯಮಕ್ಕೆ ಹಾಕಿದರೆ ಮತ್ತೊಂದು ಹೆಸರು ಕಡಿಮೆ. ಹನ್ನೊಂದು ಇದ್ದದ್ದು ಒಂಬತ್ತಾದ ದಿನ, ನಮ್ಮ ಅರ್ಜಿಗೆ ಬಲ ಉಳಿಯುವುದಿಲ್ಲ.

ಕನ್ನಡದಲ್ಲಿ ವಿಜ್ಞಾನ ಬರುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಈ ಹೊತ್ತಿನ ಮಾತೇ. ಭೂಮಿಯ ಅಕ್ಷದ ಓಲಾಟದವರೆಗೆ ನಾವು ಕನ್ನಡದಲ್ಲೇ ಬಂದೆವು. ಓದು ಬಾರದ ತಾಯಂದಿರೂ ತಲೆದೂಗಿದಿರಿ. ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ, ನಾವು ಕಲಿಸುತ್ತೇವೆ. ತೆಲುಗು ಬೇಕೇ ಬೇಕು, ಅದು ಈ ರಾಜ್ಯದ ಭಾಷೆ. ಆದರೆ ತಿಳುವಳಿಕೆಯ ಮೊದಲ ಬಾಗಿಲು ಮನೆಯ ಮಾತಿನಲ್ಲಿ ತೆರೆಯಲಿ.

ಕೊನೆಗೆ ನಿಮ್ಮಲ್ಲಿ ನಾಲ್ಕು ಬೇಡಿಕೆ.

ಒಂದು, ಮಿರಗದ ಬಿತ್ತನೆಗೆ ಮುಂಚೆಯೇ ಮಗುವಿನ ಹೆಸರು ಹಚ್ಚಿಸಿ. ದಾಖಲಾತಿಯಲ್ಲಿ ಮನೆಮಾತು ಕನ್ನಡ ಎಂದು ಸ್ಪಷ್ಟವಾಗಿ ಬರೆಸಿ.

ಎರಡು, ಸುಗ್ಗಿಗೆ ಹೋಗಲೇಬೇಕಾದರೆ ನನಗೆ ಮೊದಲೇ ಹೇಳಿ. ಮಗುವನ್ನು ಅಜ್ಜಿಯ ಬಳಿಯೋ ಬಂಧುಗಳ ಬಳಿಯೋ ಬಿಡಲು ದಾರಿ ಹುಡುಕೋಣ. ವಲಸೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ಕೇಂದ್ರ ಕೇಳಿ ಎಲ್ಲರೂ ಸೇರಿ ಅರ್ಜಿ ಕೊಡೋಣ. ಒಬ್ಬರ ಅರ್ಜಿಗಿಂತ ನಲವತ್ತು ಜನರ ಸಹಿ ಹೆಚ್ಚು ದೂರ ಹೋಗುತ್ತದೆ.

ಮೂರು, ಕನ್ನಡ ಪಠ್ಯಪುಸ್ತಕ ತಡವಾದರೆ, ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ, ಬಾಯಲ್ಲಿ ಬೈದು ಸುಮ್ಮನಾಗಬೇಡಿ. ತಾರೀಖು ಹಾಕಿ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.

ನಾಲ್ಕು, ಈ ವರ್ಷ ಮಕ್ಕಳು ಒಂದು ‘ಮಳೆ ಪುಸ್ತಕ’ ಬರೆಯುತ್ತಾರೆ. ಪ್ರತಿ ನಕ್ಷತ್ರಕ್ಕೂ ಒಂದು ಪುಟ. ಯಾವ ದಿನ ಕೂಡಿತು, ಎಷ್ಟು ದಿನ ಮಳೆಯಾಯಿತು, ಮನೆಯವರು ಏನು ಬಿತ್ತಿದರು, ಹಿರಿಯರು ಯಾವ ಗಾದೆ ಹೇಳಿದರು. ಮಗು ಬಂದು ಕೇಳಿದಾಗ ‘ಹೋಗು, ಕೆಲಸ ಇದೆ’ ಎನ್ನಬೇಡಿ. ಗೊತ್ತಿದ್ದಷ್ಟು ಹೇಳಿ. ಹತ್ತು ವರ್ಷ ಬರೆದರೆ, ಯಾವ ನಕ್ಷತ್ರದಲ್ಲಿ ನಿಜವಾಗಿ ಮಳೆಯಾಗುತ್ತದೆ ಎಂಬುದು ಗಾದೆಯಿಂದಲ್ಲ, ನಮ್ಮದೇ ಲೆಕ್ಕದಿಂದ ತಿಳಿಯುತ್ತದೆ.

ಆ ಹುಡುಗನ ಉತ್ತರ ಪತ್ರಿಕೆಯ ಮಾತು ಬಾಕಿ ಉಳಿಯಿತು. ಅಜ್ಜಿಯ ಎದುರಿಗೇ ಸೊನ್ನೆ ಹೊಡೆದು ಪೂರ್ತಿ ಅಂಕ ಕೊಟ್ಟೆ. ‘ಉಳಿದವನ್ನೂ ಹೇಳವ್ವಾ, ಬರೆದುಕೊಳ್ಳುತ್ತೇನೆ’ ಎಂದೆ. ಅವರು ವಿಶಾಖೆಯಿಂದ ಶುರು ಮಾಡಿ ರೇವತಿಯವರೆಗೆ ಒಂದೂ ತಪ್ಪದೆ ಹೇಳಿದರು.